ಗೆರಟೆ, ಹುಣಸೆ ಬೀಜ, ಎರಡು ದಾಳ: ಪಾತ್ರದ ಆಟ ಆಡಿಸಿ ಮಕ್ಕಳಿಗೆ ಆರೋಗ್ಯ ಕಲಿಸುವ ಬಗೆ

ಮಂಗಳೂರಿನ ಬೈಕಂಪಾಡಿ ಕಡೆಯ ಶೆಡ್ಡುಗಳಲ್ಲಿ ಇರುವ ಮಕ್ಕಳಿರ್ಲಿ, ಮಲ್ಪೆ ಬಂದರಿನ ಹತ್ತಿರ ಬಾಡಿಗೆ ರೂಮಲ್ಲಿರುವವರು ಇರ್ಲಿ, ಸರಕಾರಿ ಹಾಸ್ಟೆಲಿನ ಹುಡುಗ್ರಿರ್ಲಿ, ಕೈ ತೊಳೀಬೇಕು, ಸೊಪ್ಪು ತಿನ್ಬೇಕು, ಗುಟ್ಕಾ ಮುಟ್ಬಾರ್ದು ಅನ್ನೋದು ಇವರಿಗೆ ಗೊತ್ತಿಲ್ಲ ಅಂದ್ಕೊಂಡು ಹೋದ್ರೆ ಕೆಲಸ ಅಲ್ಲೇ ಕೆಡ್ತದೆ. ಅವರಿಗೆ ಎಲ್ಲ ಗೊತ್ತುಂಟು. ಶಾಲೆಯಲ್ಲಿ ಹೇಳಿದ್ದಾರೆ, ಅಂಗನವಾಡಿಯಲ್ಲಿ ಹೇಳಿದ್ದಾರೆ, ಗೋಡೆ ಮೇಲೆ ಬರೆದದ್ದುಂಟು, ಕೇಳಿದ್ರೆ ನಿಮಗಿಂತ ಚೆನ್ನಾಗಿ ಒಪ್ಪಿಸ್ತಾರೆ. ಇಲ್ಲದ್ದು ಎಂತ ಅಂದ್ರೆ, ತಾನೇ ಒಂದು ನಿರ್ಧಾರ ಮಾಡಿ, ಅದು ತಪ್ಪಿದ್ರೆ ಮುಂದೆ ಎಂತ ಆಗ್ತದೆ ಅಂತ ಬೈಗುಳ ಇಲ್ಲದೆ, ಪೆಟ್ಟಿಲ್ಲದೆ ನೋಡ್ಲಿಕ್ಕೆ ಒಂದು ಜಾಗ. ಪಾತ್ರದ ಆಟ ಆ ಜಾಗ ಕೊಡ್ತದೆ. ರೋಲ್ ಪ್ಲೇಯಿಂಗ್ ಗೇಮ್ ಅಂತ ಹೇಳ್ತಾರಲ್ಲ, ಅದೇ. ಮೊಬೈಲಿಂದಲ್ಲ, ನೆಲದಲ್ಲಿ ಕೂತು ಬಾಯಲ್ಲಿ ಆಡೋದು.

1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಬಂತು, ಪುಸ್ತಕ ಮಾಡಿ ಮಾರಿದ ಇಂಥ ಆಟಗಳಲ್ಲಿ ಮೊದಲನೇದು ಅದು. ಒಬ್ಬ ಕಥೆ ನಡೆಸ್ತಾನೆ, ಉಳಿದವರು ಒಂದೊಂದು ಪಾತ್ರ ಹಿಡಿತಾರೆ, ನನ್ನ ಪಾತ್ರ ಇಂಥದ್ದು ಮಾಡ್ತದೆ ಅಂತ ಹೇಳ್ತಾರೆ, ಆಗ್ತದಾ ಇಲ್ವಾ ಅಂತ ದಾಳ ಹೇಳ್ತದೆ. ನಮ್ಮ ಊರಲ್ಲಿ ದೊಡ್ಡವರಿಗೆ ಇದನ್ನು ಅರ್ಥ ಮಾಡಿಸೋದು ಸುಲಭ, ಯಕ್ಷಗಾನದ ತಾಳಮದ್ದಲೆ ಅಂದ್ರೆ ಸಾಕು. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಪಾತ್ರ, ಭಾಗವತರು ಪದ ಹೇಳಿ ಸನ್ನಿವೇಶ ಇಟ್ಟ ಕೂಡ್ಲೇ ಅರ್ಥಧಾರಿ ತನ್ನ ಮಾತನ್ನು ಅಲ್ಲೇ ಕಟ್ತಾನೆ. ವ್ಯತ್ಯಾಸ ಒಂದೇ, ಪ್ರಸಂಗದಲ್ಲಿ ಕೌರವ ಸೋಲೋದು ಮೊದಲೇ ನಿಶ್ಚಯ, ಇಲ್ಲಿ ಕೊನೆ ಎಂತ ಅಂತ ನಡೆಸುವವರಿಗೂ ಗೊತ್ತಿರ್ಬಾರ್ದು. ಹಾಗಾಗಿ ಈ ಲೇಖನದಲ್ಲಿ ನಡೆಸುವವರನ್ನು ಭಾಗವತರು ಅಂತಲೇ ಕರೀತೇನೆ.

ಮೊದಲ ಹೆಜ್ಜೆ: ಜಾಗ, ಜನ, ಒಪ್ಪಿಗೆ

ಒಂದು ಗುಂಪಿಗೆ ನಾಲ್ಕರಿಂದ ಆರು ಮಕ್ಕಳು, 11ರಿಂದ 16 ವರ್ಷದೊಳಗೆ. ಇಪ್ಪತ್ತು ಜನ ಬಂದ್ರೆ ಒಟ್ಟಿಗೆ ಕೂರಿಸ್ಬೇಡಿ, ಅದು ಭಾಷಣ ಆಗ್ತದೆ, ಜೋರು ಬಾಯಿಯ ಇಬ್ಬರು ಮಾತ್ರ ಆಡಿ ಉಳಿದವರು ಗೋಡೆಗೆ ಒರಗ್ತಾರೆ. ಮುಕ್ಕಾಲು ಗಂಟೆ ಸಾಕು, ಇನ್ನೂ ಬೇಕು ಅಂತ ಅವರು ಗಲಾಟೆ ಮಾಡುವಾಗಲೇ ನಿಲ್ಲಿಸಿ, ಮುಂದಿನ ವಾರ ಕರೆಯದೆ ಬರ್ತಾರೆ. ಹಾಸ್ಟೆಲಾದ್ರೆ ವಾರ್ಡನ್, ಶಾಲೆಯಾದ್ರೆ ಹೆಡ್ ಮಾಸ್ಟ್ರು, ಕೆಲಸದ ಸೈಟಾದ್ರೆ ತಂದೆ ತಾಯಿ ಜೊತೆಗೆ ಮೇಸ್ತ್ರಿಯನ್ನೂ ಕೇಳಿ, ಯಾಕಂದ್ರೆ ಭಾನುವಾರ ಸಂಜೆ ಆ ಮಕ್ಕಳು ನೀರು ಹೊರ್ಲಿಕ್ಕೆ, ತಮ್ಮ ತಂಗಿಯನ್ನು ನೋಡ್ಕೊಳ್ಳಿಕ್ಕೆ ಬೇಕಾಗ್ತದೆ. ತಮ್ಮ ತಂಗಿಯರನ್ನು ಕರ್ಕೊಂಡು ಬಂದ್ರೆ ಬೇಡ ಅನ್ಬೇಡಿ, ಬಣ್ಣದ ಪೆನ್ಸಿಲ್ ಕೊಟ್ಟು ಕಥೆಯ ಊರಿನ ನಕ್ಷೆ ಬಿಡಿಸ್ಲಿಕ್ಕೆ ಕೂರಿಸಿ. ದೊಡ್ಡವರು ಯಾವಾಗ್ಲೂ ಇಬ್ಬರು ಇರ್ಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಭಾಷೆ ಬಗ್ಗೆ ತಲೆ ಕೆಡಿಸ್ಕೊಳ್ಬೇಡಿ. ಒಂದೇ ಗುಂಪಲ್ಲಿ ತುಳು ಉಂಟು, ಬ್ಯಾರಿ ಉಂಟು, ಬಾಗಲಕೋಟೆ ಕೊಪ್ಪಳದ ಕನ್ನಡ ಉಂಟು, ಪಾತ್ರ ಯಾವ ಭಾಷೆಯಲ್ಲಿ ಮಾತಾಡ್ತದೋ ಆಡ್ಲಿ, ಅರ್ಥ ಆಗದಿದ್ರೆ ಪಕ್ಕದವ ಹೇಳ್ತಾನೆ.

ಸಾಮಾನು

ಹಾವು ಏಣಿ ಆಟದ ದಾಳ ಎರಡು, ಹಳೇ ನೋಟ್ ಬುಕ್ಕಿನ ಖಾಲಿ ಹಾಳೆ, ಪೆನ್ಸಿಲ್, ಮಗುವಿಗೊಂದು ಗೆರಟೆ (ತೆಂಗಿನ ಚಿಪ್ಪು) ಮತ್ತೆ ಮಧ್ಯಕ್ಕೆ ಒಂದು ದೊಡ್ಡ ಗೆರಟೆ, ಒಂದು ಮುಷ್ಟಿ ಹುಣಸೆ ಬೀಜ. ದಾಳ ಕಳೆದುಹೋದ್ರೆ ಒಂದರಿಂದ ಆರು ಬರೆದ ಚೀಟಿ ಎರಡು ಸೆಟ್ ಮಾಡಿ ಎರಡು ಡಬ್ಬಿಗೆ ಹಾಕಿ. ನೂರು ರೂಪಾಯಿ ಒಳಗೆ ಎಲ್ಲ ಮುಗಿತದೆ. ಬಣ್ಣದ ಕಾರ್ಡು, ಪ್ರಿಂಟು ಅದೆಲ್ಲ ಬೇಡ, ಇದನ್ನು ಮಕ್ಕಳು ನೀವಿಲ್ಲದಾಗಲೂ ಆಡ್ಬೇಕು ಅಂದ್ರೆ ಸಾಮಾನು ಅವರ ಮನೆ ಹಿತ್ತಲಲ್ಲಿ ಸಿಗುವಂಥದ್ದೇ ಆಗಿರ್ಬೇಕು.

ಪಾತ್ರ ಮತ್ತೆ ದಾಳದ ನಿಯಮ

ಪ್ರತಿ ಮಗು ಹಾಳೆಯಲ್ಲಿ ಪಾತ್ರದ ಹೆಸರು ಬರೀತದೆ, ಅದು ತನ್ನ ಹೆಸರು ಆಗ್ಬಾರ್ದು. ಕೆಳಗೆ ಮೂರು ಶಕ್ತಿ: ಬಲ, ಬುದ್ಧಿ, ಧೈರ್ಯ. ಒಂದಕ್ಕೆ 2, ಒಂದಕ್ಕೆ 1, ಒಂದಕ್ಕೆ ಸೊನ್ನೆ. ಯಾವುದಕ್ಕೆ ಎಷ್ಟು ಅಂತ ಅವರದ್ದೇ ಆಯ್ಕೆ. ಬರೀಲಿಕ್ಕೆ ಬಾರದವರಿದ್ರೆ ಚಿತ್ರ ಬಿಡಿಸ್ಲಿ, ಯಾರಿಗೂ ಅದು ಗೊತ್ತಾಗದ ಹಾಗೆ ಎಲ್ಲರಿಗೂ ಚಿತ್ರ ಬಿಡಿಸ್ಲಿಕ್ಕೆ ಹೇಳಿದ್ರೆ ಇನ್ನೂ ಒಳ್ಳೇದು.

ಕಷ್ಟದ ಕೆಲಸ ಬಂದಾಗ ಎರಡೂ ದಾಳ ಹಾಕಿ ಕೂಡಿಸಿ, ಆ ಶಕ್ತಿಯ ಅಂಕ ಸೇರಿಸಿ. 10 ಅಥವಾ ಮೇಲೆ ಬಂದ್ರೆ ಪೂರ್ತಿ ಗೆಲುವು. 7ರಿಂದ 9 ಬಂದ್ರೆ ಕೆಲಸ ಆಯ್ತು, ಆದ್ರೆ ಎಂತಾದ್ರೂ ಕಳ್ಕೊಳ್ಬೇಕು. 6 ಅಥವಾ ಕಡಿಮೆ ಬಂದ್ರೆ ಕಥೆ ಬೇರೆ ಕಡೆ ತಿರುಗ್ತದೆ. ಎರಡು ದಾಳದಲ್ಲಿ ಒಟ್ಟು 36 ಬಗೆ ಬೀಳ್ಬಹುದು, ಅದರಲ್ಲಿ 7 ಅಥವಾ ಮೇಲೆ ಬರೋದು 21. ಒಂದು ಅಂಕ ಸೇರಿದ್ರೆ 26, ಎರಡು ಸೇರಿದ್ರೆ 30. ಅಂದ್ರೆ ಒಂದೊಂದು ಅಂಕಕ್ಕೂ ನಿಜವಾಗ್ಲೂ ಬೆಲೆ ಉಂಟು, ಮಕ್ಕಳಿಗೆ ಅದು ಆಡ್ತಾ ಆಡ್ತಾ ಬೇಗ ಹತ್ತುತದೆ. ಹಾಗಾಗಿ ರಾತ್ರಿ ಚೆನ್ನಾಗಿ ಮಲಗಿದ ಪಾತ್ರಕ್ಕೆ ಮರುದಿನ ಒಂದು ಅಂಕ ಜಾಸ್ತಿ ಅಂತ ಇಟ್ರೆ, ಕಾವಲು ಕೂರ್ಲಿಕ್ಕೆ ಪಾಳಿ ಹಾಕ್ಬೇಕು, ಎಲ್ಲರೂ ಎಚ್ಚರ ಇರೋದು ಬೇಡ ಅಂತ ಅವರೇ ಜಗಳ ಮಾಡಿ ತೀರ್ಮಾನ ಮಾಡ್ತಾರೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು ಅನ್ನೋ ಮಾತನ್ನು ಆಗ ಒಂದೇ ಸಾಲಲ್ಲಿ ಹೇಳಿ ಬಿಡಿ, ಎಳೀಬೇಡಿ.

ಗೆರಟೆ ನಿಯಮ

ಇದೇ ಆಟದ ಜೀವ. ಆರೋಗ್ಯದ ವಿಷಯದಲ್ಲಿ ದೊಡ್ಡ ತೊಂದರೆ ಎಂತ ಅಂದ್ರೆ ಪರಿಣಾಮ ತಡವಾಗಿ ಬರ್ತದೆ, ಕೆಲವೊಮ್ಮೆ ಬರೋದೇ ಇಲ್ಲ. ಕೈ ತೊಳೆಯದೆ ತಿಂದ್ರೆ ಪ್ರತಿ ಸಲ ಹೊಟ್ಟೆ ಕೆಡೋದಿಲ್ಲ, ನನ್ನ ಮಾವ ಮೂವತ್ತು ವರ್ಷದಿಂದ ಜರ್ದಾ ಹಾಕ್ತಾರೆ ಎಂತ ಆಗ್ಲಿಲ್ಲ ಅಂತ ಹುಡುಗ ಹೇಳಿದ್ರೆ ಅಂವ ಸುಳ್ಳು ಹೇಳ್ತಾ ಇಲ್ಲ. ಹಾಕಿದ್ರೆ ಸಾಯ್ತಿ ಅಂತ ನೀವು ಹೆದರಿಸಿದ್ರೆ ಅಂವ ತನ್ನ ಮಾವನನ್ನೇ ನಂಬ್ತಾನೆ, ನಿಮ್ಮನ್ನಲ್ಲ. ಆಟದಲ್ಲಿ ಇದನ್ನು ಪ್ರಾಮಾಣಿಕವಾಗಿ ತೋರಿಸ್ಲಿಕ್ಕೆ ಆಗ್ತದೆ.

ಪಾತ್ರ ಒಂದು ಒಳ್ಳೆ ಅಭ್ಯಾಸ ಬಿಟ್ರೆ ಅದರ ಗೆರಟೆಗೆ ಒಂದು ಹುಣಸೆ ಬೀಜ. ತೋಡಿನ ನೀರು ಕುದಿಸದೆ ಕುಡಿದ, ಒಂದು ಬೀಜ. ಮಳೆಯ ಕೆಸರಲ್ಲಿ ಕಾಲಿಗೆ ಗಾಯ ಇಟ್ಕೊಂಡು ಬರಿಗಾಲಲ್ಲಿ ಹೋದ, ಒಂದು ಬೀಜ, ಮಳೆಗಾಲದಲ್ಲಿ ನಮ್ಮ ಕಡೆ ಇಲಿಜ್ವರ ಬರೋದು ಹಾಗೇ. ಕಥೆಯ ಒಂದು ದಿನ ಮುಗಿದಾಗ ಒಂದು ದಾಳ ಹಾಕ್ಬೇಕು. ಬಿದ್ದ ಸಂಖ್ಯೆ ಬೀಜಗಳಷ್ಟೇ ಅಥವಾ ಅದಕ್ಕಿಂತ ಕಡಿಮೆ ಇದ್ರೆ ಪಾತ್ರ ಹುಷಾರಿಲ್ಲದೆ ಮಲಗ್ತದೆ, ಮರುದಿನ ಎಲ್ಲ ಕೆಲಸಕ್ಕೂ ಒಂದು ಅಂಕ ಕಡಿಮೆ, ಗೆಳೆಯರು ಹೊತ್ಕೊಂಡು ಹೋಗ್ಬೇಕು. ಒಂದು ಬೀಜ ಇದ್ರೆ ಆರರಲ್ಲಿ ಒಂದು ಸಲ, ಮೂರು ಇದ್ರೆ ಅರ್ಧಕ್ಕರ್ಧ, ಆರು ಆದ್ರೆ ತಪ್ಪಿಸ್ಲಿಕ್ಕೇ ಇಲ್ಲ. ಒಂದು ದಿನ ಸರಿಯಾಗಿ ಉಂಡು, ಮಲಗಿ, ಶುಚಿಯಾಗಿದ್ರೆ ಒಂದು ಬೀಜ ತೆಗೀಬಹುದು. ಮೊದಲೆರಡು ಸಲ ತಪ್ಪಿಸ್ಕೊಂಡ ಹುಡುಗ ಕುಣಿತಾನೆ, ಕುಣೀಲಿ, ಗೆರಟೆ ತುಂಬುದನ್ನು ಅಂವನೇ ನೋಡ್ತಾ ಇರ್ತಾನೆ, ನೀವು ಬಾಯಿ ಬಿಡ್ಬೇಕಾಗಿಲ್ಲ.

ಇನ್ನು ಮಧ್ಯದ ದೊಡ್ಡ ಗೆರಟೆ ಯಾಕೆ? ಅದು ಊರ ಗೆರಟೆ. ಆಯ್ಕೆ ಇದ್ದೂ ಬಿಟ್ಟದ್ದು ಮಗುವಿನ ಗೆರಟೆಗೆ, ಆಯ್ಕೆಯೇ ಇಲ್ಲದ್ದು ಊರ ಗೆರಟೆಗೆ. ಸೈಟಲ್ಲಿ ಸಾಬೂನಿಲ್ಲ, ಶೌಚಾಲಯಕ್ಕೆ ಬಾಗಿಲಿಲ್ಲ, ಬಾವಿಯ ಪಕ್ಕದಲ್ಲೇ ಚರಂಡಿ ಉಂಟು, ಇದಕ್ಕೆ ಹನ್ನೆರಡು ವರ್ಷದ ಮಗುವಿನ ಮೇಲೆ ತಪ್ಪು ಹೊರಿಸೋದು ನನಗೆ ಸರಿ ಕಾಣೋದಿಲ್ಲ, ಆರೋಗ್ಯ ಪಾಠದ ಹೆಸರಲ್ಲಿ ನಾವು ದಿನಾ ಮಾಡೋದು ಅದನ್ನೇ. ಊರ ಗೆರಟೆಯ ಬೀಜ ಲೆಕ್ಕಕ್ಕೆ ಬರುವಾಗ ಯಾರು ಬೇಕಾದ್ರೂ ಮಲಗ್ಬಹುದು, ದಾಳಕ್ಕೆ ಆಳು ಗೊತ್ತಿಲ್ಲ. ಅದನ್ನು ಖಾಲಿ ಮಾಡ್ಲಿಕ್ಕೆ ಎಲ್ಲ ಪಾತ್ರ ಒಟ್ಟಾಗಿ ಪಂಚಾಯತಿಗೆ ಹೋಗ್ಬೇಕು, ಅರ್ಜಿ ಬರೀಬೇಕು, ಮೇಸ್ತ್ರಿ ಹತ್ರ ಮಾತಾಡ್ಬೇಕು. ಈ ಭಾಗ ಆಡುವಾಗ ಮಕ್ಕಳ ಧ್ವನಿಯೇ ಬೇರೆ ಆಗ್ತದೆ.

ಕಥೆ ಯಾವುದು?

ಸೇಬು, ಬಾದಾಮಿ, ಜಿಮ್ಮು ಇರುವ ಕಥೆ ಬೇಡ. ಅವರ ಕೈಗೆ ಸಿಗುವಂಥದ್ದು ಮಾತ್ರ ಕಥೆಯಲ್ಲಿ ಸಿಗ್ಬೇಕು: ಕುಚ್ಚಲಕ್ಕಿ ಗಂಜಿ, ಹುರುಳಿ, ಹರಿವೆ, ಬಸಳೆ, ನುಗ್ಗೆಸೊಪ್ಪು, ಬೂತಾಯಿ ಮೀನು, ಶಾಲೆಯ ಬಿಸಿಯೂಟದ ಮೊಟ್ಟೆ ಅಥವಾ ಬಾಳೆಹಣ್ಣು. ಉತ್ತರ ಕರ್ನಾಟಕದ ಮಕ್ಕಳಿದ್ರೆ ಜೋಳದ ರೊಟ್ಟಿ, ಶೇಂಗಾ ಸೇರಿಸಿ. ಮೊಟ್ಟೆಗೂ ಬಾಳೆಹಣ್ಣಿಗೂ ಅಂಕದಲ್ಲಿ ಹೆಚ್ಚುಕಡಿಮೆ ಮಾಡ್ಬೇಡಿ, ಮನೆ ಮನೆಯ ಊಟ ಬೇರೆ.

ಬೋಟಿನ ಕಥೆ ಮಲ್ಪೆ, ಬೆಂಗ್ರೆ ಕಡೆಯ ಮಕ್ಕಳಿಗೆ ಕೂಡ್ಲೇ ಹಿಡಿಸ್ತದೆ. ಹತ್ತು ದಿನದ ಪ್ರಯಾಣ, ಒಬ್ಬ ತಂಡೇಲ (ಬೋಟು ನಡೆಸುವ ಯಜಮಾನ), ನೀರಿನ ಡ್ರಮ್ಮು ಲೆಕ್ಕದ್ದು, ಅಕ್ಕಿ ಲೆಕ್ಕದ್ದು, ನಿದ್ರೆಯೂ ಲೆಕ್ಕದ್ದು. ಮೂರನೇ ದಿನ ಒಬ್ಬನಿಗೆ ಭೇದಿ ಶುರುವಾಗ್ಲಿ, ಒಆರ್‌ಎಸ್ ಪ್ಯಾಕೆಟ್ ಇಲ್ಲ, ಆಗ ಎಂತ? ಒಂದು ಲೀಟರ್ ಶುದ್ಧ ನೀರಿಗೆ ಸಮ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದನ್ನು ಬಾಯಲ್ಲಿ ಹೇಳ್ದೆ ಅಲ್ಲೇ ಒಂದು ಬಾಟ್ಲಿ, ಚಮಚ ಕೊಟ್ಟು ನಿಜವಾಗಿ ಮಾಡಿಸಿ, ಉಪ್ಪು ಜಾಸ್ತಿಯಾದ್ರೆ ಅಪಾಯ ಅಂತಲೂ ಹೇಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗಿಳಿಯೋದಿಲ್ಲ, ಮೀನಿಗೆ ರೇಟು, ಕೈಯಲ್ಲಿ ದುಡ್ಡಿಲ್ಲ, ಆ 61 ದಿನ ಮನೆಯಲ್ಲಿ ಎಂತ ಬೇಯಿಸೋದು ಅಂತ ಇನ್ನೊಂದು ಕಥೆಯೇ ಮಾಡ್ಬಹುದು.

ನನಗೆ ಹೆಚ್ಚು ಇಷ್ಟ ಜ್ವರದ ರಾಣಿಯ ಕಥೆ, ಮಂಗಳೂರಿಗೆ ಮಲೇರಿಯಾ ಹೊಸತಲ್ಲ ನೋಡಿ. ಒಂದು ಊರು, ಆ ಊರಲ್ಲಿ ರಾಣಿ ನೀರಿರುವಲ್ಲಿ ಮೊಟ್ಟೆ ಇಟ್ಟು ಅಡಗಿದ್ದಾಳೆ, ಸೈನ್ಯ ಹಾರ್ಲಿಕ್ಕೆ ವಾರದಿಂದ ಹತ್ತು ದಿನ ಬೇಕು, ಮಕ್ಕಳ ಕೈಲಿ ಏಳು ದಿನ. ನಕ್ಷೆ ಬಿಡಿಸಿ. ಮಲೇರಿಯಾ ಸೊಳ್ಳೆಗೆ ಕಟ್ಟಡದಲ್ಲಿ ಕಾಂಕ್ರೀಟು ಗಟ್ಟಿಯಾಗುವ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು, ಮುಚ್ಚಳ ಇಲ್ಲದ ಟ್ಯಾಂಕಿ, ಬಾವಿ. ಡೆಂಗ್ಯೂ ಸೊಳ್ಳೆಗೆ ಟಯರು, ಗೆರಟೆ, ಅಡಿಕೆ ಹಾಳೆ, ಫ್ರಿಜ್ಜಿನ ಹಿಂದಿನ ಟ್ರೇ. ಮೊದಲನೇದು ರಾತ್ರಿ ಕಚ್ತದೆ, ಎರಡನೇದು ಹಗಲು, ಹಾಗಾಗಿ ಕಾವಲಿನವರಿಗೆ ಎರಡು ಪಾಳಿ. ಆಟದಲ್ಲಿ ಒಂದೊಂದು ಜಾಗ ಹುಡುಕಿ ಮುಚ್ಚಿದ ಹಾಗೆ ರಾಣಿಯ ಒಂದೊಂದು ಬಾಗಿಲು ಬಂದ್.

ಅದಾದ ಮೇಲೆ ಕಥೆಯ ಎರಡನೇ ಭಾಗ. ಒಂದು ಪಾತ್ರಕ್ಕೆ ಜ್ವರ. ರಕ್ತ ಪರೀಕ್ಷೆಗೆ ಹೋಗ್ಬೇಕಾ, ಅಂಗಡಿಯ ಗುಳಿಗೆ ನುಂಗಿ ಕೆಲಸಕ್ಕೆ ಹೋಗ್ಬೇಕಾ? ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎರಡೂ ಫ್ರೀ, ಆದ್ರೆ ಅರ್ಧ ದಿನದ ಕೂಲಿ ಹೋಗ್ತದೆ. ವೈವ್ಯಾಕ್ಸ್ ಮಲೇರಿಯಾ ಅಂತ ಬಂದ್ರೆ ಡಾಕ್ಟರು ಸಾಮಾನ್ಯವಾಗಿ ಪ್ರಿಮಾಕ್ವಿನ್ ಮಾತ್ರೆ 14 ದಿನಕ್ಕೆ ಬರೀತಾರೆ. ಹಾಳೆಯಲ್ಲಿ 14 ಚೌಕ ಬಿಡಿಸಿ. ಜ್ವರ ಕೆಲವೇ ದಿನದಲ್ಲಿ ಬಿಡ್ತದೆ, ರೋಗಾಣು ಮಾತ್ರ ಲಿವರಲ್ಲಿ ನಿದ್ದೆ ಹೊಡೀತಾ ಇರ್ತದೆ, ವಾರಗಳು ತಿಂಗಳುಗಳು ಆದ ಮೇಲೆ ಮತ್ತೆ ಏಳ್ತದೆ, ಆ ಮಾತ್ರೆ ಪೂರ್ತಿ ತಿನ್ನೋದು ಅದಕ್ಕಾಗಿ. ರಾಣಿ ಲಿವರಲ್ಲಿ ಬಚ್ಚಿಟ್ಕೊಂಡಿದ್ದಾಳೆ ಅಂದ್ರೆ ಮಕ್ಕಳಿಗೆ ಬೇರೆ ವಿವರಣೆ ಬೇಡ. ಆಟ ಹೀಗೆ ನಡೀತದೆ:

"ನಾಲ್ಕನೇ ದಿನ. ಬಸಣ್ಣನಿಗೆ ಜ್ವರ ಬಿಟ್ಟಿದೆ. ಗದ್ದೆಯಲ್ಲಿ ವಾಲಿಬಾಲ್ ಶುರುವಾಗಿದೆ. ಮಾತ್ರೆ ತಿಂದ್ರೆ ಹೊಟ್ಟೆ ತೊಳಸ್ತದೆ. ಎಂತ ಮಾಡ್ತಾನೆ?"

"ಮಾತ್ರಿ ಕಿಸೇದಾಗ ಇಟ್ಕೊಂಡ್ ಆಡಾಕ ಹೊಕ್ಕಾನ್ರೀ ಅಕ್ಕಾರ."

"ಸರಿ. ನಾಲ್ಕನೇ ಚೌಕ ಖಾಲಿ. ಒಂದು ಬೀಜ ಹಾಕು."

"ಅಕ್ಕ, ತಡೀರಿ, ನನ್ನ ಪಾತ್ರ ಅವನ ಹಿಂದೆ ಓಡ್ತದೆ, ಗಂಜಿ ತಕೊಂಡು. ಊಟ ಮಾಡಿ ತಿಂದ್ರೆ ತೊಳಸುದಿಲ್ಲ ಅಂತ ನರ್ಸಮ್ಮ ಹೇಳಿದ್ದು ಉಂಟು."

"ಒಪ್ಪಿಸ್ತೀಯಾ? ಬುದ್ಧಿ ಸೇರಿಸಿ ದಾಳ ಹಾಕು."

ಇಲ್ಲಿ ಭಾಗವತರು ಒಂದು ಉಪದೇಶವನ್ನೂ ಹೇಳಲಿಲ್ಲ ನೋಡಿ. ಸರಿ ಅಂದ್ರು, ಪರಿಣಾಮ ಹೇಳಿದ್ರು, ಮುಂದೆ ಎಂತ ಅಂತ ಕೇಳಿದ್ರು. ಆಡಿಸುವವರು ಕಲೀಬೇಕಾದ ಕಷ್ಟದ ವಿದ್ಯೆ ಇದೇ, ಟೀಚರುಗಳಿಗೆ ಇನ್ನೂ ಕಷ್ಟ. ಮಗು ತಪ್ಪು ಆಯ್ಕೆ ಮಾಡಿದಾಗ ಮುಖ ಗಂಟಿಕ್ಕಿದ್ರೆ ಸಾಕು, ಮುಂದಿನ ಸಲದಿಂದ ಎಲ್ಲರೂ ನಿಮಗೆ ಬೇಕಾದ ಉತ್ತರ ಕೊಡ್ಲಿಕ್ಕೆ ಶುರು ಮಾಡ್ತಾರೆ, ಅಲ್ಲಿಗೆ ಆಟ ಮುಗೀತು.

ಮಾಡ್ಬಾರದ್ದು

ಭೂತ, ದೈವಗಳ ಹೆಸರು ಆಟಕ್ಕೆ ತರ್ಬೇಡಿ. ಮಕ್ಕಳೇ ಕೇಳ್ತಾರೆ, ಪಂಜುರ್ಲಿ ಆಗ್ತೇನೆ ಅಂತ. ಪ್ರೀತಿಯಿಂದ ಬೇಡ ಅನ್ನಿ, ಅದು ಜನರ ನಂಬಿಕೆ, ದಾಳದಲ್ಲಿ ಸೋಲಿಸುವ ವಿಷಯ ಅಲ್ಲ. ಯಕ್ಷಗಾನದ ರಾಕ್ಷಸ ವೇಷ ಬೇಕಾದಷ್ಟು ಉಂಟು.

ತಂಬಾಕಿನ ಕಥೆ ಮಾಡುವಾಗ ತುಂಬ ಜಾಗ್ರತೆ. ದಕ್ಷಿಣ ಕನ್ನಡದಲ್ಲಿ ಎಷ್ಟೋ ಮಕ್ಕಳ ಫೀಸು, ಪುಸ್ತಕ ಅಮ್ಮ ಬೀಡಿ ಕಟ್ಟಿದ ದುಡ್ಡಲ್ಲಿ ಬರ್ತದೆ. ಬೀಡಿಯನ್ನೇ ರಾಕ್ಷಸ ಮಾಡಿದ್ರೆ ಆ ಮಗು ತಲೆ ತಗ್ಗಿಸ್ತದೆ. ಕಥೆಯ ವಿರೋಧಿ ಬೇಕಾದ್ರೆ ಶಾಲೆ ಪಕ್ಕದಲ್ಲಿ ಮಕ್ಕಳಿಗೆ ಗುಟ್ಕಾ ಮಾರುವ ವ್ಯಾಪಾರಿ ಆಗ್ಲಿ. ಕಾನೂನೂ ಅದೇ ಹೇಳ್ತದೆ, ತಂಬಾಕು ನಿಯಂತ್ರಣದ 2003ರ ಕೋಟ್ಪಾ ಕಾಯ್ದೆಗೆ ಕರ್ನಾಟಕದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿ ಪ್ರಕಾರ 21ರ ಕೆಳಗಿನವರಿಗೆ ತಂಬಾಕು ಮಾರ್ಬಾರ್ದು, ಶಾಲೆಯ 100 ಮೀಟರಿನೊಳಗೆ ಯಾರಿಗೂ ಮಾರ್ಬಾರ್ದು. ಗೆಳೆಯ ಪ್ಯಾಕೆಟ್ ಹರಿದು ಮುಂದೆ ಹಿಡಿದಾಗ ಮರ್ಯಾದೆ ಉಳಿಸ್ಕೊಂಡು ಬೇಡ ಅನ್ನೋದು ಹೇಗೆ, ಇದನ್ನು ಮಾತ್ರ ಎಷ್ಟು ಸಲ ಬೇಕಾದ್ರೂ ಆಡಿಸಿ, ಬೇರೆ ಬೇರೆ ಬಗೆಯಲ್ಲಿ. ಆಡಿ ಆಡಿ ಬಾಯಿಗೆ ರೂಢಿಯಾದ ಮಾತು ಬೇಕಾದ ಹೊತ್ತಿಗೆ ಒದಗ್ತದೆ.

ತೂಕ, ಬಣ್ಣ, ಎತ್ತರ ಅಂಕಕ್ಕೆ ಸೇರಿಸ್ಬಾರ್ದು. ಯಾರು ಆರೋಗ್ಯವಂತ ಅಂತ ಬಹುಮಾನ ಬೇಡ. ಕುಡಿದು ಬರುವ ಅಪ್ಪನ ಪಾತ್ರ ಬೇಡ, ಯಾರ ಮನೆಯಲ್ಲಿ ಎಂತ ಉಂಟು ನಿಮಗೆ ಗೊತ್ತಿಲ್ಲ. ಹೆಣ್ಣುಮಕ್ಕಳ ಮುಟ್ಟಿನ ವಿಷಯ ಆಡಿಸೋದಾದ್ರೆ ಬೇರೆ ಗುಂಪು ಮಾಡಿ, ಆಶಾ ಕಾರ್ಯಕರ್ತೆಯನ್ನು ಕರೀರಿ.

ಇಷ್ಟೆಲ್ಲ ಮಾಡಿದ್ರೂ ಪಾತ್ರದ ಬಾಯಲ್ಲಿ ಮಗುವಿನದ್ದೇ ನೋವು ಹೊರಗೆ ಬರ್ಬಹುದು. ಆಗ ಆಟ ನಿಲ್ಲಿಸಿ, ಉಳಿದವರನ್ನು ಇನ್ನೊಬ್ಬರು ನೋಡ್ಕೊಳ್ಳಿ, ಇಬ್ಬರಿಗೂ ಕಾಣುವ ಜಾಗದಲ್ಲೇ ಕೂತು ಕೇಳಿ. ಯಾರಿಗೂ ಹೇಳೋದಿಲ್ಲ ಅಂತ ಮಾತು ಕೊಡ್ಬೇಡಿ. ಮಕ್ಕಳ ಸಹಾಯವಾಣಿ 1098. ಲೈಂಗಿಕ ದೌರ್ಜನ್ಯ ಅಂತ ಗೊತ್ತಾದ್ರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ದೂರು ಕೊಡ್ಲೇಬೇಕು. ಮನಸ್ಸಿಗೆ ಸಂಬಂಧಪಟ್ಟದ್ದಾದ್ರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416.

ಆಟ ಮುಗಿದ ಮೇಲೆ ಹತ್ತು ನಿಮಿಷ

ಎಂತ ಕಲಿತ್ರಿ ಅಂತ ಕೇಳ್ಬೇಡಿ, ಒಪ್ಪಿಸ್ಲಿಕ್ಕೆ ಶುರು ಮಾಡ್ತಾರೆ. ನಿನ್ನ ಪಾತ್ರ ಯಾವಾಗ ಸಿಕ್ಕಿಬಿತ್ತು, ಇನ್ನೊಂದು ಸಲ ಬಿಟ್ರೆ ಎಂತ ಮಾಡ್ತಿ ಅಂತ ಕೇಳಿ. ಆಮೇಲೆ ಗುಂಪು ಸೇರಿ ಈ ವಾರಕ್ಕೆ ನಿಜ ಜೀವನದ ಒಂದೇ ಕೆಲಸ ಆರಿಸ್ಲಿ, ಒಂದೇ. ಭಾನುವಾರ ಡ್ರಮ್ಮು ಬಕೆಟ್ಟು ಖಾಲಿ ಮಾಡಿ ಉಜ್ಜೋದು, ಊಟಕ್ಕೆ ಮೊದಲು ಸಾಬೂನು ಹಚ್ಚಿ ಇಪ್ಪತ್ತರವರೆಗೆ ಎಣಿಸಿ ಕೈ ಉಜ್ಜೋದು (ತುಳುವಲ್ಲಿ ಒಂಜಿ ರಡ್ಡ್ ಮೂಜಿ ಅಂತ ಎಣಿಸ್ಲಿಕ್ಕೆ ಬೇರೆ ಊರಿನ ಮಕ್ಕಳಿಗೆ ಭಾರಿ ಖುಷಿ), ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆ ಎಸೆಯದೆ ಊಟದ ನಂತರ ನುಂಗೋದು. ಆ ಮಾತ್ರೆ ತಿಂದ್ರೆ ಮಲ ಕಪ್ಪಾಗ್ತದೆ, ಹೆದರ್ಬೇಕಾಗಿಲ್ಲ, ಚಹಾದ ಒಟ್ಟಿಗೆ ಮಾತ್ರ ಬೇಡ, ಕಬ್ಬಿಣ ಮೈಗೆ ಹಿಡಿಯೋದಿಲ್ಲ. ಕೂಲ್ ಡ್ರಿಂಕ್ಸ್ ವಿಷಯ ಬಂದ್ರೆ 250 ಮಿಲಿ ಕೋಲಾದಲ್ಲಿರುವ ಸಕ್ಕರೆ, ಸುಮಾರು 26 ಗ್ರಾಂ, ಆರು ಚಮಚದ ಮೇಲೆಯೇ ಬರ್ತದೆ, ಅದನ್ನು ಅಳೆದು ಕಾಗದದ ಮೇಲೆ ಸುರಿದು ತೋರಿಸಿ, ಮಾತು ಬೇಡ.

ಮುಂದಿನ ವಾರ ಮಾಡಿದ್ರಾ ಅಂತ ಒಂದೇ ಸಲ ಕೇಳಿ, ಸಾಕ್ಷಿ ಕೇಳ್ಬೇಡಿ. ಮಾಡಿದ್ದೇವೆ ಅಂದ್ರೆ ಇಡೀ ಗುಂಪಿಗೆ ಒಂದು ದಾಳ ಮತ್ತೆ ಹಾಕುವ ಅವಕಾಶ, ಒಬ್ಬೊಬ್ಬರಿಗಲ್ಲ. ಪರೀಕ್ಷೆ ಮಾಡಿದ್ರೆ ಸುಳ್ಳು ಹೇಳೋದನ್ನು ನಾವೇ ಕಲಿಸಿದ ಹಾಗೆ. ಫಲ ಉಂಟಾ ಅಂತ ನೋಡ್ಬೇಕಾದ್ರೆ ಕಣ್ಣು ಬಿಟ್ರೆ ಸಾಕು, ಡ್ರಮ್ಮಿಗೆ ಮುಚ್ಚಳ ಬಂತಾ, ಹಾಸ್ಟೆಲಿನ ನಲ್ಲಿ ಹತ್ರ ಸಾಬೂನು ಬೇಗ ಕರಗ್ತಾ ಉಂಟಾ, ಬಿಸಿಯೂಟದ ತಟ್ಟೆಯಲ್ಲಿ ಸೊಪ್ಪು ಪಕ್ಕಕ್ಕೆ ಸರಿಯೋದು ಕಡಿಮೆ ಆಯ್ತಾ.

ಭಾಗವತಿಕೆ ಬಿಟ್ಟುಕೊಡೋದು

ಸೈಟಿನ ಮಕ್ಕಳು ಕೆಲಸ ಮುಗಿದ ಕೂಡ್ಲೇ ಬೇರೆ ಊರಿಗೆ ಹೋಗ್ತಾರೆ, ಹಬ್ಬಕ್ಕೆ ಹೋದವರು ತಿರುಗಿ ಬರ್ತಾರೋ ಇಲ್ವೋ. ಹಾಗಾಗಿ ಮೂರ್ನಾಲ್ಕು ಆಟ ಆದ ಕೂಡ್ಲೇ ದೊಡ್ಡ ಮಕ್ಕಳಲ್ಲಿ ಒಬ್ಬರನ್ನು ನಿಮ್ಮ ಜಾಗದಲ್ಲಿ ಕೂರಿಸಿ. ಚೆನ್ನಾಗಿ ಓದುವವರನ್ನೇ ಹುಡುಕ್ಬೇಡಿ, ಬೇರೆಯವರ ಮಾತನ್ನು ತಾಳ್ಮೆಯಿಂದ ಕೇಳುವ ಹುಡುಗಿಯೋ ಹುಡುಗನೋ ಸಾಕು. ಒಂದು ಪುಟದಲ್ಲಿ ದಾಳದ ಮೂರು ಸಾಲು, ಗೆರಟೆ ನಿಯಮ, ಒಆರ್‌ಎಸ್ ಅಳತೆ, 1098, ಇಷ್ಟು ದೊಡ್ಡ ಅಕ್ಷರದಲ್ಲಿ ಬರೆದು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಡಿ, ಎರಡು ದಾಳವೂ ಅದರಲ್ಲೇ. ಮೊದಲ ಸಲ ನೀವೂ ಒಂದು ಪಾತ್ರ ಹಿಡಿದು ಆಟಗಾರರಾಗಿ ಕೂತ್ಕೊಳ್ಳಿ, ನಿಮ್ಮ ಗೆರಟೆಗೆ ಬೀಜ ಹಾಕಿಸ್ಕೊಳ್ಳಿ, ನಿಯಮ ತಪ್ಪಿದ್ರೂ ಮಧ್ಯದಲ್ಲಿ ತಿದ್ಬೇಡಿ, ಆಟ ಮುಗಿದ ಮೇಲೆ ಆ ಮಗುವಿನ ಹತ್ರ ಮಾತ್ರ ಹೇಳಿ.